ಮೂರನೇ ಬಾಗಿಲಲ್ಲಿ ಯಾರು

ಸಿಕ್ಕು, ಕಿವಿಯ ಹಿಂದೆ ಇಲ್ಲೊಂದು ಸಿಕ್ಕು, ಎಳೆದರೆ ನೋಯುತ್ತೆ, ಎಳೆಯದಿದ್ದರೆ ಬಾಚಣಿಗೆ ಮುಂದೆ ಹೋಗಲ್ಲ, ಮೆಲ್ಲಗೆ, ಮೆಲ್ಲಗೆ, ಅವಳು ಕೂದಲನ್ನು ಬುಡದಲ್ಲಿ ಗಟ್ಟಿಯಾಗಿ ಹಿಡಿದು ತುದಿಯಿಂದ ಬಿಡಿಸತೊಡಗಿದಳು, ಹೀಗೆ ಹಿಡಿದರೆ ನೋವು ನೆತ್ತಿಗೇರಲ್ಲ ಅಂತ ಅಮ್ಮ ಹೇಳಿಕೊಟ್ಟಿದ್ದು, ತನ್ನ ಅಮ್ಮ, ಈ ಮನೆಯಲ್ಲಿ ಅಮ್ಮ ಅಂದರೆ ಬೇರೆ, ಗೋಡೆಯ ಫೋಟೋದಲ್ಲಿ ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಗುತ್ತಿರುವವಳು, ತಾನು ಚಿಕ್ಕಮ್ಮ, ಮದುವೆಯಾಗಿ ಬಂದ ದಿನವೇ ಗಂಡ ಮಕ್ಕಳಿಬ್ಬರನ್ನೂ ಮುಂದೆ ನಿಲ್ಲಿಸಿ ಹಾಗೇ ಕರೀರಿ ಅಂದಿದ್ದ, ದೊಡ್ಡವಳು ಹೂಂ ಅಂದಳು, ಚಿಕ್ಕವಳು, ಎಲ್ಲರೂ ಬಟಾಣಿ ಅಂತ ಕರೆಯುವ ಆ ಚೋಟುದ್ದದವಳು, ಬಂದು ಕಾಲು ತಬ್ಬಿಕೊಂಡಳು — ಅಷ್ಟೇ, ಅಲ್ಲಿಂದ ಇಲ್ಲಿವರೆಗೆ ಬಟಾಣಿಯ ತಲೆ ಬಾಚುವುದು ಇವಳ ಪಾಲಿಗೆ, ದೊಡ್ಡವಳು ಮಾತ್ರ ಕನ್ನಡಿ ಮುಂದೆ ನಿಂತು ತಾನೇ ಒಂದು ಸೊಟ್ಟ ಜುಟ್ಟು ಕಟ್ಟಿಕೊಂಡು ಶಾಲೆಗೆ ಹೋಗುವವಳು, ನಿನ್ನೆ ಸೈಕಲ್ಲಿಂದ ಬಿದ್ದು ಬಲಗೈ ಉಳುಕಿಸಿಕೊಂಡಿರದಿದ್ದರೆ ಇವತ್ತೂ ಹಾಗೇ ಹೋಗುತ್ತಿದ್ದಳು, ಬ್ಯಾಂಡೇಜಿನ ಕೈಯನ್ನು ಎದೆಗೊತ್ತಿಕೊಂಡು, ಎಡಗೈಯಲ್ಲಿ ಬಾಚಣಿಗೆ ಚಾಚಿ, ಮುಖ ಬೇರೆ ಕಡೆ ತಿರುಗಿಸಿ, ಈಗ ಬಂದು ಒಂದು ಜಡೆ ಹಾಕ್ಕೊಡಿ ಸಾಕು ಅಂದಿದ್ದಳು. ಕೊಡಿ. ಯಾವಾಗಲೂ ಕೊಡಿ, ಹೋಗಿ, ನೀವು, ನಿಮ್ಮ, ಪಕ್ಕದ ಮನೆಯವರಿಗೆ ಆ ಹುಡುಗಿಯ ಮರ್ಯಾದೆ ಕಂಡು ಖುಷಿಯೋ ಖುಷಿ, ಆ ಮರ್ಯಾದೆ ನಡುವೆ ಎಷ್ಟು ಜಾಗ ಬಿಟ್ಟಿದೆ ಅಂತ ಅವರಿಗೇನು ಗೊತ್ತು.

ಸಿಕ್ಕು ಬಿಟ್ಟಿತು, ಕೂದಲು ಮೂರು ಪಾಲಾಯಿತು, ಎಷ್ಟು ಮೃದು, ಫೋಟೋದವಳದೂ ಹೀಗೇ ಇದ್ದಿರಬೇಕು, ಅಷ್ಟರಲ್ಲಿ ಬಟಾಣಿ ಬಾಯ್ತುಂಬ ಬ್ರೆಡ್ಡು ತುಂಬಿಕೊಂಡು ಸ್ಟೂಲು ಎಳೆದು ತಂದು ಎದುರಿಗೇ ಕೂತಳು, ಚಿಕ್ಕಮ್ಮಾ, ಅಕ್ಕಂಗೂ ಪದ್ಯ ಹೇಳು, ಜಡೆ ಹಾಕುವಾಗ ಹೇಳ್ಲೇಬೇಕು — ಕೈಯೊಳಗಿನ ತಲೆ ಸೆಟೆದುಕೊಂಡಿದ್ದು ಬೆರಳಿಗೇ ತಿಳಿಯಿತು, ಆ ಪದ್ಯ ಬೇಡ, ದೇವರೇ ಆ ಪದ್ಯವೊಂದು ಬೇಡ, ಅದು ಆ ತಾಯಿ ಜಡೆ ಹೆಣೆಯುತ್ತ ತಾನೇ ಕಟ್ಟಿದ್ದು, ಬಟಾಣಿಗೆ ಅದರ ತುದಿ ನೆನಪಿಲ್ಲ, ನೆನಪಿರುವವಳು ಬಾಯಿ ಬಿಡಲ್ಲ, ಗಂಡನನ್ನು ಕೇಳಿದರೆ ನಂಗೇನು ಗೊತ್ತು ಕಣೇ, ಆ ಹೊತ್ತಿಗೆ ನಾನು ಬೇಕರೀಲಿ ಒಲೆ ಮುಂದೆ ಇರ್ತಿದ್ದೆ ಅಂದ, ಇವಳು ಬಸ್ ನಿಲ್ದಾಣದ ಅಂಗಡಿಯಲ್ಲಿದ್ದ ಶಿಶುಗೀತೆಯ ಪುಸ್ತಕಗಳನ್ನೆಲ್ಲ ತಿರುವಿ ಹಾಕಿದಳು, ಪುಸ್ತಕದಲ್ಲಿದ್ದರೆ ತಾನೇ ಸಿಗೋದು, ಬದಲಿಗೆ ಬೇರೆ ನಾಲ್ಕು ಪದ್ಯ ಕಲಿತು ಬಂದು ಉತ್ಸಾಹದಿಂದ ಹೇಳಿದರೆ ದೊಡ್ಡವಳು ತಲೆ ಎತ್ತದೆ, ನೀವು ಪದ್ಯಾನೂ ಬಸ್ ಹೊರಡುತ್ತೆ ಅನ್ನೋ ಥರಾನೇ ಹೇಳ್ತೀರಿ — ನಿಜವೇ, ಹಗಲೆಲ್ಲ ಗಾಜಿನ ಕೋಣೆಯಲ್ಲಿ ಮೈಕಿನ ಮುಂದೆ ಕೂತು ಪ್ರಯಾಣಿಕರ ಗಮನಕ್ಕೆ, ಪ್ರಯಾಣಿಕರ ಗಮನಕ್ಕೆ, ಊರಿಗೆಲ್ಲ ಪರಿಚಯದ ದನಿ, ಮನೆಯಲ್ಲಿ ಅದಕ್ಕೆ ಇಳಿಯುವ ಜಾಗವೇ ಸಿಗಲಿಲ್ಲ, ಆವತ್ತು ನಕ್ಕುಬಿಟ್ಟಿದ್ದಳು, ಪಾತ್ರೆ ತೊಳೆಯುವಾಗ ಅಳು ಬಂತು. ಬಟಾಣಿ ಕಾಯುವವಳಲ್ಲ, ತಾನೇ ಶುರು ಮಾಡಿದಳು, ಮೋಡದ ಮನೆಗೆ ಮೂರು ಬಾಗಿಲು, ಒಂದರಲಿ ಗಾಳಿ, ಒಂದರಲಿ ಗುಬ್ಬಿ, ಮೂರನೇ ಬಾಗಿಲ ತಟ್ಟಿದ್ದು ಯಾರಮ್ಮ? — ಅಲ್ಲಿಗೆ ನಿಂತಿತು, ಯಾವಾಗಲೂ ಅಲ್ಲಿಗೇ, ಯಾರು ಚಿಕ್ಕಮ್ಮಾ, ಯಾರು ತಟ್ಟಿದ್ದು, ಆ ಕಣ್ಣು ನೋಡಿ ಗೊತ್ತಿಲ್ಲ ಅನ್ನೋಕಾಗುತ್ತಾ, ಆನೆ ಅಂದಳು, ಆನೆ ಬಂತು ಬಟಾಣಿ, ಸೊಂಡಿಲು ಒಳಗೆ ಬಂತು, ಹೊಟ್ಟೆ ಹೊರಗೇ ಉಳೀತು, ಬಟಾಣಿ ನಕ್ಕ ನಗುವಿಗೆ ಬ್ರೆಡ್ಡಿನ ಚೂರು ನೆಲಕ್ಕೆಲ್ಲ ಹಾರಿತು, ಆನೆ, ಆನೆ, ಮೂರನೇ ಬಾಗಿಲಲ್ಲಿ ಆನೆ — ಆನೆ ಅಲ್ಲ! ದೊಡ್ಡವಳು ಕಿರುಚಿದಳು, ಮನೆಯಲ್ಲಿ ಇಷ್ಟು ಜೋರಾಗಿ ಅವಳು ಮಾತಾಡಿದ್ದೇ ಇಲ್ಲ, ನಿಂಗೇನೂ ಗೊತ್ತಿಲ್ಲ, ಸುಮ್ನೆ ಏನೇನೋ ಹೇಳ್ಬೇಡ, ಇವಳು ಅದನ್ನೇ ನಿಜ ಅನ್ಕೊಂಬಿಡ್ತಾಳೆ, ಆಮೇಲೆ ಅಮ್ಮ ಹೇಳಿದ್ದು ಯಾರಿಗೂ ನೆನಪಿರಲ್ಲ.

ನಿಂಗೆ ಅಂದಳು. ನಿಮಗೆ ಅನ್ನಲಿಲ್ಲ, ಬೈದಳು, ಬಾಯ್ತುಂಬ ಬೈದಳು, ಸ್ವಂತದವರನ್ನು ಬೈಯುವ ಹಾಗೆ, ಇದಕ್ಕೆ ಸಂತೋಷಪಡಬೇಕೋ ಬೇಡವೋ, ಆ ಹುಡುಗಿಯ ಭುಜ ನಡುಗುತ್ತಿದೆ, ಸಂತೋಷ ಆಮೇಲೆ, ಅವಳು ಎಳೆಗಳನ್ನು ಬಿಡದೆ ಬಗ್ಗಿ ಕಿವಿಯ ಹತ್ತಿರ, ಹೌದು ಮಗಾ, ನಂಗೆ ಗೊತ್ತಿಲ್ಲ, ನೀನೇ ಹೇಳ್ಕೊಡು, ಬಟಾಣಿಗೆ ಹೇಳ್ಕೊಡು, ನಾನು ಬೇಕಿದ್ರೆ ಆಚೆ ಹೋಗ್ತೀನಿ. ಹೊರಗೆ ಯಾರದೋ ಸ್ಕೂಟರ್ ಕೆಮ್ಮಿ ಕೆಮ್ಮಿ ಕೊನೆಗೂ ಚಾಲೂ ಆಯಿತು. ಬೇಡ, ಇರು, ಅಂದಳು ದೊಡ್ಡವಳು, ಆಮೇಲೆ ಗೋಡೆ ಕಡೆ ನೋಡುತ್ತ, ಮೂಗು ಸೊರ್ ಅನ್ನಿಸುತ್ತ, ಪದ್ಯದ ತುದಿ ಹೇಳಿದಳು, ನಾನೇ ಕಣೇ, ನಿಮ್ಮಮ್ಮ, ಅಲ್ಲಾಡ್ದೆ ಕೂರಮ್ಮ — ಓ, ಅದಕ್ಕೇ, ಅದಕ್ಕೇ ಬಾಯಿ ಬಿಡದೆ ಕಾದಿಟ್ಟುಕೊಂಡಿದ್ದು, ಇನ್ನೊಬ್ಬರ ಬಾಯಲ್ಲಿ ಆ ಸಾಲು ಬಂದರೆ ಆ ಇನ್ನೊಬ್ಬರು ಏನಾಗಿಬಿಡುತ್ತಾರೆ ಅಂತ ಇಷ್ಟು ಚಿಕ್ಕ ತಲೆಯಲ್ಲಿ ಎಷ್ಟು ದಿನದಿಂದ ಲೆಕ್ಕ ಹಾಕಿತ್ತೋ ಪಾಪ, ಬಟಾಣಿಗೆ ಅದೆಲ್ಲ ಎಲ್ಲಿ, ಚಪ್ಪಾಳೆ ತಟ್ಟಿ, ಈಗ ಚಿಕ್ಕಮ್ಮ ಹೇಳು, ಎಲ್ಲ ಹೇಳು, ಅವಳು ಹೆಣೆಯುತ್ತ ಹೇಳಿದಳು, ಮೋಡದ ಮನೆ, ಗಾಳಿ, ಗುಬ್ಬಿ, ದನಿ ಅವಳದೇ ಅನ್ನಿಸಲಿಲ್ಲ, ಒಡೆದು ಒಡೆದು ಬರುತ್ತಿದೆ, ಯಾರಮ್ಮ, ನಾನೇ ಕಣೇ — ಮುಂದೆ ಬರಲಿಲ್ಲ, ಆ ಪದವನ್ನು ಹಾರಿಸಿಬಿಡಲಾ, ಅಲ್ಲಿ ಬೇರೇನಾದರೂ ಇಡಲಾ, ಬಟಾಣಿ ಕಾಯುತ್ತಿದ್ದಾಳೆ, ಹೇಳು, ಇದು ಬಟಾಣಿಯ ದನಿಯಲ್ಲ, ಮುಂದೆ ಕೂತವಳದು, ತುಂಬ ಸಣ್ಣಗೆ, ಹೇಳು, ನಾನು ಅಲ್ಲಾಡಲ್ಲ, ಅಂದು ಅವಳು ತಲೆಯನ್ನು ಇನ್ನಷ್ಟು ಬಗ್ಗಿಸಿದಳು, ಕುತ್ತಿಗೆ ಕಂಡಿತು, ಎಳೆಗೂದಲಿನ, ಬಿಸಿಲು ಕಾಣದ ಬೆಳ್ಳನೆಯ ಕುತ್ತಿಗೆ, ಅಲ್ಲಾಡದ ಕುತ್ತಿಗೆ, ಕೈಯಲ್ಲಿ ಮೂರು ಎಳೆ, ಬಗ್ಗಿದ ಆ ಕುತ್ತಿಗೆ, ನಾನೇ ಕಣೇ, ಅಂದಳು, ನಿಮ್ಮಮ್ಮ.