ಕರೆಯುವ ಪೆಟ್ಟು

ಹಟ್ಟಿಯ ಹಳೇ ಚಿನ್ನದ ಗಣಿಯನ್ನು ನಿಜಾಮ ಸರಕಾರ ಮತ್ತೆ ತೋಡಿಸತೊಡಗಿದ್ದ ಕಾಲ. ಹಸನ್‌ಸಾಬನಿಗೆ ಅಲ್ಲಿ ಕೂಲಿ ಸಿಕ್ಕಿತ್ತು. ಆದರೆ ಆ ಕತ್ತಲೆಗೆ ಇಳಿದರೆ ಸಾಕು, ಉಸಿರು ಕಟ್ಟುತ್ತಿತ್ತು. ಆರಡಿ ಆಳು, ಆಫ್ರಿಕಾದಿಂದ ಬಂದು ನಿಜಾಮರ ಕುದುರೆ ಪಡೆ ಸೇರಿದ್ದ ಹಬ್ಶಿಯ ಮೊಮ್ಮಗ. ಕತ್ತಲೆಗೆ ಅಂಜುತ್ತೇನೆಂದು ಯಾರ ಮುಂದೆ ಹೇಳಿಕೊಂಡಾನು? ಹೆಂಡತಿ ಖಾಸಿಂಬೀಗೆ ಮಾತ್ರ ಗೊತ್ತಿತ್ತು.

ಅಂಥದರಲ್ಲಿ ಗಣಿಯ ಬಿಳಿ ಸಾಹೇಬರ ಕ್ಲಬ್ಬಿನಲ್ಲಿ ಜಾಜ್ ನುಡಿಸುವ ತಂಡದ ಡ್ರಮ್ಮಿನವನು ಜ್ವರ ಬಂದು ಮಲಗಿದ. ಹಸನ್‌ಸಾಬ ಮಸ್ಕಿಯ ಮದುವೆಯೊಂದರಲ್ಲಿ ಅಜ್ಜನ ಡೋಲು ಬಾರಿಸಿದ್ದನ್ನು ಕೇಳಿದ್ದ ತಂಡ ನಡೆಸುವ ಗೋವೆಯ ಕ್ಲಾರಿನೆಟ್ ಮಾಸ್ತರ ಅವನನ್ನೇ ಕರೆಸಿದ.

"ಒಂದ, ಎರಡ, ಮೂರ, ನಾಕ. ಇಷ್ಟ ಬಾರ್ಸು. ಮ್ಯಾಲ ಒಂದ ಪೆಟ್ಟು ಬಿದ್ರ ನಾಳಿ ಗಣಿಗೆ ಇಳಿ. ಚಲೋ ಆದ್ರ ಇಲ್ಲೇ ಇಟ್ಕೊಂತೀನಿ."

"ಆತ್ರೀ ಮಾಸ್ತರ" ಎಂದ ಹಸನ್‌ಸಾಬ. ಗಣಿಗೆ ಇಳಿಯುವಾಗ ತೋರಿಸುವ ಹಿತ್ತಾಳೆ ಬಿಲ್ಲೆ ಜೇಬಿನಲ್ಲೇ ಇತ್ತು.

ಭಾನುವಾರ ಮಧ್ಯಾಹ್ನ ದೊರೆಗಳೂ ದೊರೆಸಾನಿಯರೂ ಕುಣಿಯತೊಡಗಿದರು. ಒಂದು, ಎರಡು, ಮೂರು, ನಾಲ್ಕು. ಗಡಿಯಾರ ಕೂಡ ಮಾಡುವ ಕೆಲಸ! ಎರಡು ಹಾಡು ಸುರಳೀತ ಮುಗಿದವು. ಮೂರನೆಯದರ ನಡುವೆ ಮಾಸ್ತರ ಕಣ್ಣು ಮುಚ್ಚಿ, ಹಾಡನ್ನೇ ಬಿಟ್ಟು, ಎತ್ತೆತ್ತಲೋ ಊದುತ್ತ ಹೊರಟ. ಹಸನ್‌ಸಾಬ ಅವನತ್ತ ತಿರುಗಿದ. ಮಾಸ್ತರನಿಗೆ ಹಾಡು ಮರೆತಿದೆ!

ದರ್ಗಾದಲ್ಲಿ ಹಸನ್‌ಸಾಬನ ಜನ ಕುಣಿಯುವಾಗ ಒಬ್ಬ ಮೈಮರೆತು ಎತ್ತಲೋ ಹೋದರೆ, ಡೋಲಿನವನು ಕರೆಯುವ ಪೆಟ್ಟು ಹಾಕಿ ಅವನನ್ನು ಮರಳಿ ತರಬೇಕು. ಕೈಬಿಟ್ಟವನಿಗೆ ಮತ್ತೆ ಡೋಲು ಮುಟ್ಟಲು ಕೊಡುವುದಿಲ್ಲ. ಇತ್ತ ಬಿಲ್ಲೆ ತೊಡೆಗೆ ಒತ್ತುತ್ತಿತ್ತು. ಹಾಳಾಗಿ ಹೋಗಲಿ ಅಂದುಕೊಂಡು ಹಸನ್‌ಸಾಬ ಕರೆದ.

ನಾಲ್ಕೆಣಿಕೆಯ ತಾಳದ ಮೈಮೇಲೆ ಅಡ್ಡಡ್ಡ ಮೂರು ಪೆಟ್ಟು. ಕುಣಿಯುವವರ ಕಾಲು ತೊಡರಿತು. ಮಾಸ್ತರ ಕಣ್ಣು ತೆರೆದು ಕೆಕ್ಕರಿಸಿದ. ಆದರೂ ಹಸನ್‌ಸಾಬ ಮತ್ತೆ ಕರೆದ. ಈ ಸಲ ಕ್ಲಾರಿನೆಟ್ ಆ ಪೆಟ್ಟನ್ನೇ ಹಿಡಿದು ಉತ್ತರ ಕೊಟ್ಟಿತು, ಇನ್ನೂ ದೂರ ಓಡಿತು. ಇವನು ಕರೆದ, ಅದು ಬಂತು, ಮತ್ತೆ ಹೋಯಿತು. ಕೊನೆಗೆ ಹಾಡಿನ ಮೊದಲ ಸಾಲಿಗೆ ಇಬ್ಬರೂ ಕೂಡಿಯೇ ಬಂದರು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಸನ್‌ಸಾಬ ಬಿಲ್ಲೆ ಹೊರತೆಗೆದು ಎದ್ದು ನಿಂತ.

"ಹಂಗ ಬಾರ್ಸಂತ ಯಾರ ಹೇಳಿದ್ರಲೇ ನಿನಗ?" ಎಂದ ಮಾಸ್ತರ.

"ನೀವು ದಾರಿ ತಪ್ಪಿದ್ರೀ ಮಾಸ್ತರ. ಅದಕ್ಕ ಕರದೆ."

"ತಪ್ಪಿದ್ದಿಲ್ಲ, ಬೇಕಂತ ಹೋಗಿದ್ದೆ. ನಮ್ಮ ಜಾಜ್ ಆಟಾನ ಹಂಗ." ಮಾಸ್ತರ ಕ್ಲಾರಿನೆಟ್ ಒರೆಸಿದ. "ಇಪ್ಪತ್ತು ವರ್ಷ ಆತು, ಒಬ್ಬನ ಹೋಗ್ತೀನಿ, ಒಬ್ಬನ ಬರ್ತೀನಿ. ಯಾರೂ ಕರದಿದ್ದಿಲ್ಲ."

ಅವನು ಹಸನ್‌ಸಾಬನ ಬಿಲ್ಲೆ ಇಸಿದುಕೊಂಡು ತನ್ನ ಜೇಬಿಗೆ ಹಾಕಿಕೊಂಡ.

"ಕುಂದ್ರು. ಮುಂದಿನ ಹಾಡಿನ್ಯಾಗ ಇನ್ನೂ ದೂರ ಹೋಗ್ತೀನಿ."