ಮೊಲಕ್ಕಿಟ್ಟ ನೀರು

ರಾಜೇಶ್ವರಮ್ಮ ರೊಟ್ಟಿ ತಟ್ಟಲು ಕೂತರೆ ಮೊದಲ ರೊಟ್ಟಿಯ ಅಂಚು ಮಂಡಕ್ಕಿಯದು. ಅದು ಒಲೆಯ ಪಕ್ಕಕ್ಕೆ ಬಂದು, ಮುಂಗಾಲೆತ್ತಿ, ಮೂಗು ಅಲ್ಲಾಡಿಸುತ್ತ ನಿಂತರೆ ಕೊಡದೇ ಇರಲು ಆಕೆಯ ಕೈಲಿ ಆಗುತ್ತಿರಲಿಲ್ಲ. ರೊಟ್ಟಿಯ ಮೇಲೊಂದು ಚೂರು ಬೆಲ್ಲ. ಮಧ್ಯಾಹ್ನ ಅನ್ನ ಮೊಸರು. ಸಂಜೆ ಏನಾದರೂ ಕರಿದಿದ್ದರೆ ಅದರಲ್ಲೂ ಪಾಲು.

ಮಂಡಕ್ಕಿ ಎಂದರೆ ಮೊಲ. ಅಚ್ಚ ಬಿಳಿಯ ಸೀಮೆ ಮೊಲ. ಒಬ್ಬಳೇ ಮಗಳು ನೀಲಾಂಬಿಕಳನ್ನು ಸೊರಬದ ಕಡೆಗೆ ಮದುವೆ ಮಾಡಿ ಕಳಿಸಿದ ಮೇಲೆ ಮನೆ ಭಣಗುಡುತ್ತದೆಂದು ಗಂಡ ಪರಮಶಿವಪ್ಪ ಶಿರಾಳಕೊಪ್ಪದ ಸಂತೆಯಿಂದ ಅದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ತಂದಿದ್ದ. ಬಳ್ಳಿಗಾವಿಯ ಜನ ಹೊಲದಲ್ಲಿ ಹಾರಿ ಓಡುವ ಕಂದು ಮೊಲ ಕಂಡವರೇ ಹೊರತು, ಅಡುಗೆಮನೆಯಲ್ಲಿ ಕೂತು ಬೆಲ್ಲ ತಿನ್ನುವ ಮೊಲ ಕಂಡವರಲ್ಲ. "ಮಗಳಿಗೆ ತಿನ್ನಿಸೋದು ತಪ್ಪಿದ್ದಕ್ಕೆ ಮೊಲಕ್ಕೆ ತಿನ್ನಿಸ್ತಾಳೆ" ಎಂದು ನೆರೆಯವರು ನಗುತ್ತಿದ್ದರು. ನಕ್ಕರೆ ನಗಲಿ ಎಂದು ರಾಜೇಶ್ವರಮ್ಮ ಮತ್ತೊಂದು ಚೂರು ಮುರಿದು ಹಾಕುತ್ತಿದ್ದಳು.

ಸಾವಿರದ ಒಂಬೈನೂರ ಐವತ್ತೆಂಟರ ಚಳಿಗಾಲದಲ್ಲಿ ಮಗಳು ಹೆರಿಗೆಗೆಂದು ತವರಿಗೆ ಬಂದಳು. ಗಂಡು ಮಗು ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನ ಸೊರಬದಿಂದ ಬೀಗರು ಬಂದರು, ಮನೆ ತುಂಬ ಹೋಳಿಗೆಯ ಘಮಲು. ಬಂದವರೆಲ್ಲ ಮೊಲದ ಚಂದಕ್ಕೆ ಮರುಳಾಗಿ ಒಬ್ಬರು ಹೂರಣ, ಒಬ್ಬರು ಶಾವಿಗೆ, ಮತ್ತೊಬ್ಬರು ಹಪ್ಪಳ ಎಂದು ತಿನ್ನಿಸಿದ್ದೇ ತಿನ್ನಿಸಿದ್ದು. ರಾಜೇಶ್ವರಮ್ಮ ಹೆಮ್ಮೆಯಿಂದ ನೋಡುತ್ತ ನಿಂತಿದ್ದಳು.

ಮರುದಿನ ರೊಟ್ಟಿ ತಟ್ಟಲು ಕೂತಾಗ ಮಂಡಕ್ಕಿ ಬರಲಿಲ್ಲ. ಹುಡುಕಿದರೆ ಕಣಜದ ಸಂದಿಯಲ್ಲಿ ಬೆನ್ನು ಗೂನು ಮಾಡಿಕೊಂಡು ಕೂತಿತ್ತು. ಬೆಲ್ಲ ಹಿಡಿದರೆ ಮುಖ ತಿರುಗಿಸಿತು. ಎತ್ತಿಕೊಂಡರೆ ಹೊಟ್ಟೆ ಬಿಗಿದ ತಮಟೆಯಂತಿತ್ತು. ಹಲ್ಲು ಕಟಕಟ ಎನ್ನುತ್ತಿತ್ತು. ದಿನವೂ ಕಸಬರಿಗೆಗೆ ಸಿಗುತ್ತಿದ್ದ ಹಿಕ್ಕೆ ಒಂದೂ ಇರಲಿಲ್ಲ.

"ರೀ, ಇದು ಉಳಿಯಲ್ಲ ಕಣ್ರೀ" ಎಂದು ಆಕೆ ಕಣ್ಣಲ್ಲಿ ನೀರು ತಂದುಕೊಂಡಳು.

ಪರಮಶಿವಪ್ಪ ಗಾಡಿ ಕಟ್ಟಿದ. ಬುಟ್ಟಿಯಲ್ಲಿ ಹಳೆಯ ಸೀರೆ ಹಾಸಿ ಮೊಲವನ್ನು ಮಲಗಿಸಿಕೊಂಡು ಗಂಡ ಹೆಂಡತಿ ಇಬ್ಬರೂ ಶಿರಾಳಕೊಪ್ಪದ ದನದ ಡಾಕ್ಟರ ಹತ್ತಿರ ಹೋದರು. ಎತ್ತು, ಎಮ್ಮೆ ಹಿಡಿದು ನಿಂತಿದ್ದವರು ಬುಟ್ಟಿಯೊಳಗೆ ಇಣುಕಿ ಕಿಸಕ್ಕೆಂದರು. ಡಾಕ್ಟರು ವೀರಬಸಪ್ಪ ಮಾತ್ರ ನಗಲಿಲ್ಲ. ಹೊಟ್ಟೆ ಮುಟ್ಟಿ ನೋಡಿದರು, ಕಿವಿ ಇಟ್ಟು ಆಲಿಸಿದರು.

"ಏನು ತಿನ್ನಿಸಿದ್ರಿ?"

ರಾಜೇಶ್ವರಮ್ಮ ಒಂದೊಂದೇ ಹೇಳಿದಳು. ಹೇಳುತ್ತ ಹೇಳುತ್ತ ದನಿ ಸಣ್ಣದಾಯಿತು.

"ಪ್ರೀತಿ ಜಾಸ್ತಿ ಆಗಿದೆ ತಾಯಿ" ಎಂದರು ಡಾಕ್ಟರು. "ಹುಲ್ಲು ತಿನ್ನೋ ಹೊಟ್ಟೆ ಇದು. ಹೋಳಿಗೆ ಹಾಕಿದ್ರೆ ನಿಂತುಬಿಡುತ್ತೆ. ಒಳಗಿರೋದು ಒಣಗಿ ಗಟ್ಟಿ ಆಗಿದೆ. ನಾನು ಮೊಲ ಹೆಚ್ಚು ನೋಡಿದವನಲ್ಲ, ಸುಳ್ಳು ಯಾಕೆ ಹೇಳಲಿ. ಆದ್ರೆ ಹೊಟ್ಟೆ ಅಂದ್ರೆ ಯಾವ ಪ್ರಾಣಿದಾದ್ರೂ ಹೊಟ್ಟೆನೇ. ನೀರು ಕುಡಿಸಿ, ಗರಿಕೆ ಹುಲ್ಲು, ಹಸಿ ಸೊಪ್ಪು ಇಡಿ. ಬೆಚ್ಚಗಿಡಿ, ಹೊಟ್ಟೆ ಮೆಲ್ಲಗೆ ತಿಕ್ಕಿ, ಆಗಾಗ ನಾಲ್ಕು ಹೆಜ್ಜೆ ಓಡಾಡಿಸಿ. ಎಲ್ಲಕ್ಕಿಂತ ಮುಖ್ಯ ನೀರು. ಹಸು ಕರು ಹಾಕಿದ ಮೇಲೆ ನೀವು ಮೊದಲು ಏನಿಡ್ತೀರಿ?"

"ಬಾನಿ ತುಂಬ ಬೆಚ್ಚನ್ನ ನೀರು" ಎಂದ ಪರಮಶಿವಪ್ಪ.

"ಹಾಂ, ಅಷ್ಟೇ. ಗೊತ್ತಿರೋದೇ."

ಮನೆಯಲ್ಲಿ ಬೆಚ್ಚಗಿರುವ ಜಾಗವೆಂದರೆ ಒಂದೇ, ಬಾಣಂತಿ ಕೋಣೆ. ಅಲ್ಲಿ ಸದಾ ಕೆಂಡದ ಅಗ್ಗಿಷ್ಟಿಕೆ ಇರುತ್ತಿತ್ತು. ಆ ಕೋಣೆಗೆ ಒಡತಿ ರಾಜೇಶ್ವರಮ್ಮನ ಅತ್ತೆ ಗುಡ್ಡಮ್ಮ. ಆ ಮನೆಯ ಕೋಣೆ ಒಂದೇ ಅಲ್ಲ, ಬೀದಿಯ ಯಾವ ಮನೆಯಲ್ಲಿ ಕೂಸು ಹುಟ್ಟಿದರೂ ಮೊದಲು ಕರೆಯುತ್ತಿದ್ದುದು ಆಕೆಯನ್ನೇ. ಎಣ್ಣೆ ಎಷ್ಟು, ಮೆಣಸು ಎಷ್ಟು, ಸೊಂಟ ಹೇಗೆ ಕಟ್ಟಬೇಕು, ಎಲ್ಲ ಆಕೆ ಹೇಳಿದಂತೆ.

"ಬಾಣಂತಿ ಕ್ವಾಣಿಯಾಗೆ ಮೊಲನಾ?" ಎಂದು ಮುದುಕಿ ಹುಬ್ಬೇರಿಸಿದಳು. ಆದರೆ ನೀಲಾಂಬಿಕ "ಇರ್ಲಿ ಬಿಡು ಅಜ್ಜಿ, ನಂಗೂ ಹೊತ್ತು ಹೋಗ್ತೈತೆ" ಎಂದು ಅಂಗಲಾಚಿದ್ದರಿಂದ ಒಪ್ಪಿದಳು. ಮೊಮ್ಮಗಳ ಮೇಲೆ ಆಕೆಗೆ ಪ್ರಾಣ.

ರಾಜೇಶ್ವರಮ್ಮ ಮೊಲದ ಆರೈಕೆಗೆ ನಿಂತಳು. ಅಟ್ಟದ ಮೇಲಿದ್ದ ಹಳೆಯ ಒಳಲೆ ಇಳಿಸಿದಳು. ನೀಲಾ ಕೂಸಾಗಿದ್ದಾಗ ಹಾಲು ಹಾಕಿದ ಒಳಲೆ ಅದು. ಅದರ ಮೂತಿಯನ್ನು ಮೊಲದ ಬಾಯಿಯ ಬದಿಗಿಟ್ಟು ತೊಟ್ಟು ತೊಟ್ಟಾಗಿ ನೀರು ಬಿಟ್ಟಳು. ಅರ್ಧ ಒಳಗೆ, ಅರ್ಧ ಆಕೆಯ ಮಡಿಲಿಗೆ. "ಕುಡಿಯೋ ನನ್ನಪ್ಪ, ಇನ್ನೊಂದು ಗುಟುಕು, ಜಾಣ ಅಲ್ಲೇನು" ಎಂದು ರಮಿಸಿದಳು. ತಾನಾಗಿಯೇ ಕುಡಿಯಲಿ ಎಂದು ಒಂದು ಕಂಚಿನ ಬಟ್ಟಲಲ್ಲೂ ನೀರು ತುಂಬಿಸಿ ಹಾಸಿಗೆಯ ಪಕ್ಕ ಇಟ್ಟಳು.

ಹಾಸಿಗೆಯ ಮೇಲಿಂದ ನೀಲಾಂಬಿಕ ಇದನ್ನೆಲ್ಲ ನೋಡುತ್ತಿದ್ದಳು. ಆಕೆಯ ತುಟಿ ಒಡೆದಿತ್ತು. ಕೂಸು ಎದೆಗೆ ಬಾಯಿ ಹಾಕಿ, ಚೀಪಿ ಚೀಪಿ, ಸಾಲದೆ ಅಳುತ್ತಿತ್ತು.

"ಅವ್ವ, ನಂಗೂ ಒಂದು ಲೋಟ ನೀರು ಕೊಡೇ."

"ಊಟದ ಜತಿಗೆ ಕೊಟ್ಟಿದ್ನಲ್ಲ ತಾಯಿ."

"ಅದು ಒಂದು ಗುಟುಕು. ಗಂಟಲು ಒಣಗ್ತೈತೆ ಅವ್ವ. ಹೊಟ್ಟೆನೂ..." ಆಕೆ ನಾಚಿ ದನಿ ತಗ್ಗಿಸಿದಳು. "ಹೊಟ್ಟೆನೂ ಹೋಗ್ತಿಲ್ಲ. ಕಲ್ಲಿಟ್ಟಂಗೆ ಆಗೈತೆ."

ಬಾಗಿಲಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದ ಗುಡ್ಡಮ್ಮ ತಲೆ ಎತ್ತಿದಳು. "ಹಸಿ ಮೈಯಾಗೆ ನೀರು ಕುಡಿದ್ರೆ ಸನ್ನಿ ಆಗ್ತೈತೆ ಮಗಾ. ಹೊಟ್ಟೆ ಉಬ್ಬುತೈತೆ, ಕೂಸಿಗೆ ಶೀತ. ಇನ್ನೊಂದಿಷ್ಟು ದಿನ ತಡಕೋ. ನಾವೆಲ್ಲ ತಡಕೊಂಡಿಲ್ಲೇನು?"

ರಾಜೇಶ್ವರಮ್ಮ ಮಗಳ ತಲೆ ಸವರಿದಳು. ಅತ್ತೆ ಹೇಳಿದ್ದು ತನ್ನ ಅವ್ವ ಹೇಳಿದ್ದೇ, ಅವಳ ಅವ್ವ ಹೇಳಿದ್ದೇ. ಅದರ ಮೇಲೆ ಮಾತಾಡಬಹುದೆಂದು ಆಕೆಗೆ ಯಾವತ್ತೂ ಹೊಳೆದಿರಲಿಲ್ಲ.

ಆ ಮಧ್ಯಾಹ್ನ ಅತ್ತೆ ಜಗಲಿಯಲ್ಲಿ ಕೂಸನ್ನು ಬಿಸಿಲಿಗೆ ಹಿಡಿದು ಕೂತಿದ್ದಾಗ ರಾಜೇಶ್ವರಮ್ಮ ಗರಿಕೆ ತರಲು ಕೆರೆ ಏರಿಯ ಕಡೆ ಹೋದಳು. ಎಳೆಯ ಗರಿಕೆಯನ್ನೇ ಆರಿಸಿ, ತೊಳೆದು, ಮಡಿಲು ತುಂಬಿಕೊಂಡು ಬಂದಳು. ಕೋಣೆಗೆ ಕಾಲಿಟ್ಟವಳ ಕಣ್ಣು ಮೊದಲು ಬಿದ್ದದ್ದು ಬಟ್ಟಲಿನ ಮೇಲೆ. ಬಟ್ಟಲು ಖಾಲಿ! ತಳದಲ್ಲಿ ಒಂದು ಹನಿಯೂ ಇಲ್ಲ.

"ರೀ! ಬರ್ರಿ ಇಲ್ಲಿ!" ಎಂದು ಕೂಗಿದಳು. "ಮಂಡಕ್ಕಿ ನೀರು ಕುಡಿದೈತೆ! ಬಟ್ಟಲು ಪೂರ್ತಿ!"

ಪರಮಶಿವಪ್ಪ ನಗುತ್ತ ಬಾಗಿಲಿಗೆ ಬಂದ. ಆಕೆ ಮೊಲವನ್ನು ಎತ್ತಿ ಮುದ್ದಾಡಿದಳು. ಮುದ್ದಾಡುತ್ತಿದ್ದ ಹಾಗೇ ಕೈ ನಿಂತಿತು. ಮಂಡಕ್ಕಿ ನೀರು ಕುಡಿದರೆ ಗದ್ದದ ಕೂದಲು ತೊಯ್ದು ಜೊಂಪೆ ಜೊಂಪೆಯಾಗುವುದು ಆಕೆಗೆ ಗೊತ್ತು. ಈಗ ಆ ಕೂದಲು ಒಣಗಿತ್ತು. ಹೊಟ್ಟೆ ಬೆಳಿಗ್ಗೆ ಇದ್ದಷ್ಟೇ ಬಿಗಿ.

ಬಟ್ಟಲು ಚೆಲ್ಲಿತೇ ಎಂದು ನೆಲ ಮುಟ್ಟಿ ನೋಡಿದಳು. ನೆಲ ಒಣಗಿತ್ತು. ಆಮೇಲೆ ಮಗಳ ಕಡೆ ನೋಡಿದಳು. ನೀಲಾಂಬಿಕ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ರವಿಕೆಯ ಕೊರಳು ಒದ್ದೆಯಾಗಿತ್ತು.

"ನೀಲಾ..."

"ನಾನೇ ಕುಡಿದೆ ಅವ್ವ" ಎಂದಳು ಮಗಳು, ತಿರುಗದೆ. "ಬೈಬ್ಯಾಡ. ತಡಿಯಾಕೆ ಆಗ್ಲಿಲ್ಲ. ಮಂಡಕ್ಕಿಗೆ ಇನ್ನೊಂದು ಬಟ್ಟಲು ಇಡು, ಪಾಪ."

ಬಾಗಿಲಲ್ಲಿದ್ದ ಪರಮಶಿವಪ್ಪನ ನಗು ಮುಖದಲ್ಲೇ ಇಂಗಿತು. ತಲೆ ತಗ್ಗಿಸಿ ಹೊರಗೆ ಹೋದ.

ರಾಜೇಶ್ವರಮ್ಮ ಅಲ್ಲೇ ನೆಲಕ್ಕೆ ಕುಸಿದು ಕೂತಳು. ಇದೇ ಕೋಣೆ, ಇದೇ ಕೆಂಡ. ನೀಲಾಳನ್ನು ಹೆತ್ತು ಮಲಗಿದ್ದಾಗಿನ ಒಂದು ಸಂಗತಿಯನ್ನು ಆಕೆ ಯಾರಿಗೂ ಹೇಳಿರಲಿಲ್ಲ. ಬಚ್ಚಲಲ್ಲಿ ಎರೆಯುವಾಗ ತಲೆಯ ಮೇಲಿಂದ ಸೀಗೆಪುಡಿಯ ಸಮೇತ ಇಳಿದ ನೀರನ್ನು, ಮುಖ ಒರೆಸಿಕೊಳ್ಳುವ ನೆಪದಲ್ಲಿ ಬಾಯಿ ತೆರೆದು ಗುಟುಕು ಗುಟುಕಾಗಿ ನುಂಗುತ್ತಿದ್ದಳು. ಆ ಕಹಿ ಈಗ ನಾಲಿಗೆಗೆ ಬಂತು. ತನಗೆ ಹೀಗಾಗಿತ್ತು ಎಂದು ಗೊತ್ತಿದ್ದೂ ಮಗಳಿಗೆ ಬಟ್ಟಲು ನೀರು ಕೊಡದೆ, ಅವಳ ಪಕ್ಕದಲ್ಲೇ ಕೂತು ಮೊಲಕ್ಕೆ ರಮಿಸಿ ಕುಡಿಸಿದಳಲ್ಲ!

ಎದ್ದು ಹೋಗಿ ನೀರು ಕಾಯಿಸಿದಳು. ಕುದಿಸಿ, ಆರಿಸಿ, ದೊಡ್ಡ ಚೊಂಬು ತುಂಬ ಹಿಡಿದು ಬಂದಳು. ಅಷ್ಟರಲ್ಲಿ ಕೂಸನ್ನೆತ್ತಿಕೊಂಡು ಒಳಗೆ ಬಂದ ಗುಡ್ಡಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಏನು ರಾಜಿ ಅದು?"

"ನೀರು ಅತ್ತೆ. ನೀಲಾಗೆ."

"ತಲಿ ಕೆಟ್ಟೈತೇನು ನಿಂಗೆ? ನನ್ನ ತಂಗಿ ಕಥೆ ಗೊತ್ತಿಲ್ಲೇನು? ಹೆತ್ತು ಮಲಗಿದ್ದಾಕಿ ಹರವಿಯಾಗಿನ ನೀರು ಬಗ್ಗಿಸಿಕೊಂಡು ಕುಡಿದ್ಲು. ಸನ್ನಿ ಏರಿ ಹೋದ್ಲು. ನನ್ನ ಕಣ್ಣೆದುರಿಗೇ ಹೋದ್ಲು!" ಮುದುಕಿ ಕೂಸನ್ನು ಎದೆಗೆ ಅವುಚಿಕೊಂಡಳು. ಅದು ಸಿಟ್ಟಲ್ಲ, ಹೆದರಿಕೆ ಎಂದು ರಾಜೇಶ್ವರಮ್ಮನಿಗೆ ಅವತ್ತು ಮೊದಲ ಸಲ ಕಂಡಿತು.

"ಗೊತ್ತು ಅತ್ತೆ" ಎಂದಳು ಮೆತ್ತಗೆ. "ಇದು ಕುದಿಸಿದ ನೀರು. ಮನೆ ಹಸು ಕರು ಹಾಕಿದ ದಿನ ನೀವೇ ಬಾನಿ ತುಂಬ ಇಟ್ಟಿದ್ರಿ. ಅದು ಒಂದೇ ಉಸಿರಿಗೆ ಕುಡೀತು. ಹಾಲು ಬರಬೇಕಂದ್ರೆ ನೀರು ಕುಡೀಬೇಕು ಅಂದ್ರಿ. ನಮ್ಮ ಹುಡುಗಿಗೆ ಹಾಲು ಎಲ್ಲಿಂದ ಬರಬೇಕು?"

"ದನ ಬ್ಯಾರೆ, ಮನುಷ್ಯಾರು ಬ್ಯಾರೆ."

"ಬಾಯಾರಿಕೆ ಬ್ಯಾರೆನಾ ಅತ್ತೆ? ಅವ್ಳು ಮೊಲದ ಬಟ್ಟಲಿಗೆ ಬಾಯಿ ಹಾಕಿ ಕುಡಿದಾಳೆ."

ಗುಡ್ಡಮ್ಮ ಹಾಸಿಗೆಯ ಕಡೆ ನೋಡಿದಳು. ನೆಲದ ಮೇಲಿನ ಬಟ್ಟಲು ನೋಡಿದಳು. ತೋಳಿನಲ್ಲಿ ಕೂಸು ತನ್ನ ಮುಷ್ಟಿಯನ್ನೇ ಚೀಪುತ್ತಿತ್ತು. ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ನೀಲಾಂಬಿಕ ಚೊಂಬು ಎತ್ತಿ ಕುಡಿದಳು. ಗಟಗಟ ಸದ್ದಿಗೆ ರಾಜೇಶ್ವರಮ್ಮನ ಕಣ್ಣು ತುಂಬಿತು. ಮುದುಕಿ ಮಾತ್ರ ಅಂದಿನಿಂದ ಹಾಸಿಗೆಯ ಪಕ್ಕ ಬಿಟ್ಟು ಕದಲಲಿಲ್ಲ. ಗಳಿಗೆಗೊಮ್ಮೆ ಮೊಮ್ಮಗಳ ಹಣೆ ಮುಟ್ಟುವಳು, ಪಾದ ಮುಟ್ಟುವಳು, ಕೊರಳಿನ ಲಿಂಗ ಹಿಡಿದು ಏನೋ ಗುನುಗುವಳು. ಜ್ವರ ಬರಲಿಲ್ಲ. ನೀಲಾ ಮತ್ತೆ ನೀರು ಕೇಳಿದಳು, ರಾಜೇಶ್ವರಮ್ಮ ಮತ್ತೆ ಕೊಟ್ಟಳು. ಸಾರಿನ ಜೊತೆ ಬೇಯಿಸಿದ ಹರಿವೆ ಸೊಪ್ಪನ್ನೂ ಒಂದು ತುತ್ತು ಬಡಿಸಿದಾಗ ಗುಡ್ಡಮ್ಮ ಆ ಕಡೆ ಮುಖ ತಿರುಗಿಸಿದಳೇ ಹೊರತು ಬೇಡ ಎನ್ನಲಿಲ್ಲ.

ಮರುದಿನ ಮೊಲದ ಹಿಕ್ಕೆ ಮೊದಲು ಕಂಡದ್ದು ಗುಡ್ಡಮ್ಮನಿಗೇ. ಹಾಸಿಗೆಯ ಬುಡದಲ್ಲಿ ಸಣ್ಣ, ಒಣ ಹಿಕ್ಕೆ. ಬಂಗಾರ ಸಿಕ್ಕವಳ ಹಾಗೆ "ರಾಜಿ, ಬಾ ಇಲ್ಲಿ, ನಿನ್ನ ಮಗ ಹೊಟ್ಟಿ ಬಿಟ್ಟ!" ಎಂದು ಕೂಗಿದಳು. ಮನೆಯವರೆಲ್ಲ ಓಡಿ ಬಂದು ಮೊಲದ ಹಿಕ್ಕೆಯ ಸುತ್ತ ನಿಂತು ನಕ್ಕರು. ಸಂಜೆಗೆ ಮಂಡಕ್ಕಿ ಗರಿಕೆಯ ಒಂದು ಎಳೆ ಬಾಯಿಗೆಳೆದುಕೊಂಡಿತು. ಮಗಳ ಹೊಟ್ಟೆಯೂ ಹಗುರಾಯಿತು. ಅದನ್ನು ಆಕೆ ಅವ್ವನ ಕಿವಿಯಲ್ಲಿ ಮಾತ್ರ ಹೇಳಿದಳು. ಕೂಸು ಹೊಟ್ಟೆ ತುಂಬಿ ತಾನೇ ಎದೆ ಬಿಟ್ಟು ನಿದ್ದೆ ಹೋಗಲು ಇನ್ನೂ ಕೆಲವು ದಿನ ಹಿಡಿಯಿತು. ಹಾಗೆ ನಿದ್ದೆ ಹೋದ ಮೊದಲ ದಿನ ಗುಡ್ಡಮ್ಮ ಅದರ ಬಾಯಂಚಿನ ಹಾಲನ್ನು ಸೆರಗಿನಿಂದ ಒರೆಸುತ್ತ ತನ್ನಷ್ಟಕ್ಕೆಂಬಂತೆ ಹೇಳಿದಳು:

"ನನ್ನ ತಂಗಿಗೆ ಜ್ವರ ಮೊದಲು ಬಂತೋ, ನೀರು ಮೊದಲು ಕುಡಿದ್ಲೋ... ಈಗ ನೆನೆಸಿಕೊಂಡ್ರೆ ತಿಳೀವಲ್ದು ರಾಜಿ. ಜ್ವರ ಬಂದಿದ್ದಕ್ಕೇ ಬಾಯಾರಿತ್ತೇನೋ."

ರಾಜೇಶ್ವರಮ್ಮ ಅತ್ತೆಯ ಪಕ್ಕ ಕೂತು ಆಕೆಯ ಮೊಣಕಾಲು ಒತ್ತಿದಳು.

ಮಗಳು ಕೂಸಿನೊಂದಿಗೆ ಗಂಡನ ಮನೆಗೆ ಹೊರಟು ಹೋದ ಸ್ವಲ್ಪ ದಿನಕ್ಕೆ ಹಿಂದಿನ ಬೀದಿಯ ಹುಲಿಗೆಮ್ಮನ ಸೊಸೆ ಹೆತ್ತಳು. ಎಂದಿನಂತೆ ಗುಡ್ಡಮ್ಮನಿಗೆ ಕರೆ ಬಂತು. ರಾಜೇಶ್ವರಮ್ಮನೂ ಜೊತೆಗೆ ಹೋದಳು. ಕೋಣೆಯಲ್ಲಿ ಹೊಗೆ, ಬೆಳ್ಳುಳ್ಳಿಯ ವಾಸನೆ. ಕಂಬಳಿಯೊಳಗಿಂದ ಹುಡುಗಿ ಒಣಗಿದ ತುಟಿ ಸವರಿಕೊಳ್ಳುತ್ತ ನೋಡಿದಳು. ಗುಡ್ಡಮ್ಮ ಕೂಸಿನ ಮುಖ ನೋಡುವ ಮೊದಲೇ ಕೇಳಿದಳು:

"ಹುಡುಗಿ ನೀರು ಕೇಳಿದ್ಲೇನು?"

"ಬೆಳಿಗ್ಗಿಂದ ಅದೇ ಹಟ ಕಣವ್ವ" ಎಂದಳು ಹುಲಿಗೆಮ್ಮ. "ನಾನು ಒಂದು ಹನಿ ಕೊಟ್ಟಿಲ್ಲ. ನನ್ನ ಬಾಣಂತನದಾಗೆ ನೀವೇ ಹೇಳಿದ್ರಲ್ಲ, ಕೊಡಬಾರ್ದು ಅಂತ."

ಗುಡ್ಡಮ್ಮ ಕಂಬಳಿಯ ಅಂಚು ಸರಿಸಿ ಹುಡುಗಿಯ ತುಟಿ ನೋಡಿದಳು. ರಾಜೇಶ್ವರಮ್ಮ ಅತ್ತೆಯನ್ನೇ ನೋಡಿದಳು.

"ಹೌದು, ನಾನೇ ಹೇಳಿದ್ದೆ" ಎಂದಳು ಮುದುಕಿ ಕೊನೆಗೆ, ಗೋಡೆ ಹಿಡಿದು ಚಾಪೆಯ ಮೇಲೆ ಕೂರುತ್ತ. "ಈಗಲೂ ನಾನೇ ಹೇಳ್ತಿದೀನಿ. ಹೋಗು, ಕಾಯಿಸಿ ಆರಿಸಿ ತಗಂಬಾ. ಲೋಟ ಬ್ಯಾಡ, ಚೊಂಬು ತಾ."