ಇನ್ನಾಸಪ್ಪ ಸ್ವಾಮಿಗಳ ಸಂಧಾನ

ಇನ್ನಾಸಪ್ಪ ಸ್ವಾಮಿಗಳ ಬಾಯಲ್ಲಿ 'ಹೂಂ' ಎಂಬುದನ್ನಾಗಲಿ 'ಊಹೂಂ' ಎಂಬುದನ್ನಾಗಲಿ ಕೇಳಿದವರು ಯಾರೂ ಇರಲಿಲ್ಲ. ಶಾಲೆಯ ಹೆಂಚು ಬದಲಾಯಿಸಬೇಕೇ ಎಂದರೂ 'ನೋಡೋಣ', ಕಾಫಿಗೆ ಸಕ್ಕರೆ ಬೇಕೇ ಎಂದರೂ 'ನೋಡೋಣ'. ಮಾಲೂರು ಕಡೆಯ ರಾಗಿ ಹೊಲದಿಂದ ಹೊರಟು, ರೋಮಿನಲ್ಲಿ ಓದಿ, ಪೋಪರ ರಾಯಭಾರ ಕಚೇರಿಗಳಲ್ಲಿ ದೇಶದಿಂದ ದೇಶಕ್ಕೆ ಅಲೆದು ತಲೆ ನರೆತ ಮೇಲೆ, ಎಪ್ಪತ್ತರ ದಶಕದ ನಡುವೆ ಕೋಲಾರ ಸೀಮೆಯ ಚರ್ಚುಗಳ ಆಡಳಿತ ನೋಡಿಕೊಳ್ಳಲು ಹಿಂದಿರುಗಿ ಮುಳಬಾಗಿಲಿನಾಚೆಯ ಹಳ್ಳಿಯೊಂದರಲ್ಲಿ ನೆಲೆಸಿದ ಆ ಮನುಷ್ಯ, ನೇರಳೆ ಅಂಚಿನ ಕಪ್ಪು ನಿಲುವಂಗಿಯನ್ನು ಏಪ್ರಿಲ್ ಬಿಸಿಲಿಗೂ ಬಿಚ್ಚಿದವರಲ್ಲ. ಶ್ರೀನಿವಾಸಪುರದಿಂದ ಮಾವಿನ ಬುಟ್ಟಿ ಹೊತ್ತು ತಂದವನನ್ನೂ ಗೇಟಿನವರೆಗೆ ನಡೆದು ಬೀಳ್ಕೊಡುತ್ತಿದ್ದರು. ನಡೆಯುವಾಗ ಮಾತ್ರ ಯಾವಾಗಲೂ ಜೊತೆಯವರಿಗಿಂತ ಅರ್ಧ ಹೆಜ್ಜೆ ಹಿಂದೆ. ದೊಡ್ಡವರ ಹಿಂದೆ ನಡೆದು ನಡೆದು ಕಾಲಿಗೆ ಅಂಟಿದ ವಿನಯ ಅದು. ಅವರೇ ಮುಂದಿನ ಬಿಷಪ್ಪರೆಂದು ಜನ ಆಡಿಕೊಳ್ಳುತ್ತಿದ್ದರು. ಆ ಆಸೆ ಅವರಿಗೂ ಇತ್ತು, ಸುಳ್ಳೇಕೆ.

ಒಂದು ಬೇಸಗೆಯಲ್ಲಿ ನಂಗಲಿ ಕಡೆಯಿಂದ ಎತ್ತಿನ ಗಾಡಿಯೊಂದು ಬಂದು ಚರ್ಚಿನ ಗೇಟಿನ ಹೊರಗೆ ನಿಂತಿತು. ಗಾಡಿಯಲ್ಲಿ ಲಾರಿ ಡ್ರೈವರ್ ರಾಯಪ್ಪನ ಹೆಣ. ಹಿಂದೂ ರೈತರ ಮನೆಯ ರಾಮಲಕ್ಷ್ಮಮ್ಮನಿಗೆ ಗುಡಿಯಲ್ಲಿ ತಾಳಿ ಕಟ್ಟಿ, ಅಂದಿನಿಂದ ಚರ್ಚಿಗೆ ಕಾಲಿಡದವನು ಅವನು. ಸಾಯುವಾಗ ಚರ್ಚಿನ ಸ್ಮಶಾನದಲ್ಲಿದ್ದ ತಾಯಿಯ ಸಮಾಧಿಯ ಪಕ್ಕದಲ್ಲಿ ಜಾಗ ಕೇಳಿದ್ದ. ಚರ್ಚಿನ ಹಿರಿಯ ಚೌರಪ್ಪನವರು ಅಡ್ಡ ನಿಂತರು.

ಸ್ವಾಮಿಗಳು ತಮಗೆ ಬರುತ್ತಿದ್ದ ವಿದ್ಯೆಯನ್ನೇ ಪ್ರಯೋಗಿಸಿದರು. ಚೌರಪ್ಪನವರನ್ನು ಒಂದು ಕೋಣೆಯಲ್ಲಿ, ರಾಮಲಕ್ಷ್ಮಮ್ಮನನ್ನು ಇನ್ನೊಂದರಲ್ಲಿ ಕೂರಿಸಿ, ಇಬ್ಬರಿಗೂ ಕಾಫಿ ಕಳಿಸಿ, ಅವರ ಮಾತನ್ನು ಇವರಿಗೂ ಇವರ ಮಾತನ್ನು ಅವರಿಗೂ ನಯಗೊಳಿಸಿ ಮುಟ್ಟಿಸತೊಡಗಿದರು.

"ಚರ್ಚಿನ ಪೂಜೆಗೇ ಬಾರ್ದೋನಿಗೆ ಇಲ್ಲಿ ಮಣ್ಣು ಕೊಟ್ರೆ, ನಾಳೆ ನಮ್ಮ ಹುಡುಗ್ರಿಗೆ ಏನ್ ಹೇಳೋದು ಸ್ವಾಮಿ?" ಎಂದು ಗುಡುಗಿದ್ದ ಚೌರಪ್ಪನವರು ಮಧ್ಯಾಹ್ನದ ಹೊತ್ತಿಗೆ ಸ್ವಲ್ಪ ಇಳಿದರು. ಬೇಲಿಯ ಮೂಲೆಯಲ್ಲಿ ಹೂಳಬಹುದು, ಗಂಟೆ ಹೊಡೆಯಕೂಡದು. ರಾಜ್ಯಗಳ ನಡುವೆ ಒಪ್ಪಂದ ಕುದುರಿಸಿದಷ್ಟು ಖುಷಿಯಿಂದ ಸ್ವಾಮಿಗಳು ಇದನ್ನು ರಾಮಲಕ್ಷ್ಮಮ್ಮನಿಗೆ ತಿಳಿಸಿದರು. ಆಕೆ ಕಾಫಿ ಮುಟ್ಟಿರಲಿಲ್ಲ.

"ನೀವು ಮಾತಾಡ್ಕೊಳ್ಳಿ ಸ್ವಾಮಿ. ನಮ್ಮ ಯಜಮಾನ್ರು ಬಿಸ್ಲಾಗವ್ರೆ. ಗಾಡೀನ ಸ್ವಲ್ಪ ನೆರಳಿಗೆ ಹಾಕ್ಸಿ, ಅಷ್ಟು ಮಾಡಿ."

ಸ್ವಾಮಿಗಳು ಕಿಟಕಿಯಾಚೆ ನೋಡಿದರು. ಬೆಳಗಿನಿಂದ ಸತ್ತವನ ಬಗ್ಗೆ ಮಾತಾಡಿದ್ದರೇ ಹೊರತು ಅವನತ್ತ ಒಮ್ಮೆಯೂ ಕಣ್ಣು ಹಾಯಿಸಿರಲಿಲ್ಲ. ನಾಚಿಕೆಯಾಯಿತು. ಹೊರಗೆ ಬಂದು ಗಾಡಿಯನ್ನು ನೆರಳಿಗೆ ಹಾಕಿಸಿ, ಎಲ್ಲರಿಗೂ ಕೇಳುವಂತೆ, "ತಾಯಿ ಪಕ್ಕದಲ್ಲೇ ಅಗೀರಿ. ಗಂಟೆ ಹೊಡೀರಿ. ಪ್ರಾರ್ಥನೆ ನಾನೇ ಹೇಳ್ತೀನಿ" ಎಂದರು.

"ಮೇಲಿನೋರಿಗೆ ಬರೀತೀವಿ ಸ್ವಾಮಿ."

"ಬರೀರಿ ಚೌರಪ್ಪನೋರೇ. ಯಾರು ಮಾಡಿದ್ದು ಅಂದ್ರೆ ನನ್ನ ಹೆಸರೇ ಹೇಳಿ."

ಬರೆದರು. ಬಿಷಪ್ ಪೀಠ ಇನ್ನೊಬ್ಬರ ಪಾಲಾಯಿತು. ಸ್ವಾಮಿಗಳು ಎಂಬತ್ತರ ದಶಕ ಮುಗಿಯುವವರೆಗೂ ಅಲ್ಲೇ ಉಳಿದು, ಸುಣ್ಣ, ಹೆಂಚು, ಮೇಷ್ಟ್ರುಗಳ ಜಗಳಗಳ ನಡುವೆ ಮುದುಕರಾದರು. ಪೀಠ ತಪ್ಪಿದ ನೋವು ಅವರಿಗಿತ್ತು. ಆ ಮಧ್ಯಾಹ್ನದ ಬಗ್ಗೆ ಪಶ್ಚಾತ್ತಾಪವಿರಲಿಲ್ಲ.

ಸಂಧಾನ ಮಾಡುವ ಈ ಜನ ಇಬ್ಬರಿಗೂ ಒಪ್ಪಿಗೆಯಾಗುವ ಮಾತನ್ನು ಹುಡುಕುತ್ತ ಆಯುಷ್ಯ ಸವೆಸುತ್ತಾರೆ. ಲೋಕ ಬಹುಮಟ್ಟಿಗೆ ನಡೆಯುವುದೂ ಅವರಿಂದಲೇ, ಅವರನ್ನು ಹಗುರಾಗಿ ಕಾಣಬಾರದು. ಆದರೆ ಇಬ್ಬರ ಮಾತು ಮುಗಿಯಲೆಂದು ಹೊರಗೆ ಕಾದು ಬಿದ್ದಿರುವ ಮೂರನೆಯವನನ್ನು ಕಾಣುವ ಕಣ್ಣು ಅವರಲ್ಲಿ ಕೆಲವರಿಗಷ್ಟೇ, ಅದೂ ತಡವಾಗಿ, ಬರುತ್ತದೆ. ಬಂದ ಮೇಲೆ ಅವರು ದೊಡ್ಡ ಹುದ್ದೆಗಳಿಗೆ ಕೆಲಸಕ್ಕೆ ಬಾರದವರಾಗುತ್ತಾರೆ.